ಅರ್ಧಕ್ಕೆ ಎದ್ದು ಹೋದವರು

ಅಪ್ಪನ ಕೋಟಿನ ಒಳಜೇಬಿಗೆ ಕೈ ಹಾಕಿದ್ದಾಗಲೇ ಬೆನ್ನ ಹಿಂದೆ ಸೋದರತ್ತೆಯ ದನಿ ಕೇಳಿಸಿತು.

"ಏನೇ ಅದು? ಹೆಣ ಇನ್ನೂ ಹಾಲ್‌ನಲ್ಲಿದೆ, ಆಗಲೇ ಜೇಬು ತಡಕ್ತಿದೀಯಾ?"

ಮಗಳು ಬೆಚ್ಚಲಿಲ್ಲ. ವಿಮೆ ಕಂಪನಿಯಲ್ಲಿ ತನಿಖೆಯ ಕೆಲಸ ಅವಳದ್ದು. ಅಂಗಡಿ ತಾನಾಗಿ ಸುಟ್ಟುಹೋಗಿದ್ದೋ ಮಾಲೀಕನೇ ಸುಟ್ಟಿದ್ದೋ, ಕಾಲು ಮುರಿದವನು ಮನೆಯಲ್ಲೂ ಕುಂಟುತ್ತಾನೋ ಇಲ್ಲ ಕಚೇರಿಯ ಬಾಗಿಲಲ್ಲಿ ಮಾತ್ರ ಕುಂಟುತ್ತಾನೋ ಎಂದು ನೋಡಿ ಹೇಳುವುದಕ್ಕೇ ಅವಳಿಗೆ ಸಂಬಳ ಕೊಡುತ್ತಿದ್ದರು. ಹತ್ತಾರು ಜನರ ಕಪಾಟು ತಡಕಿದ ಕೈ ಅದು. ಸ್ವಂತ ಅಪ್ಪನ ಕಪಾಟಿನ ಸರದಿಯೂ ಬರುತ್ತದೆ ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಜೇಬಿನಲ್ಲಿ ಸಿಕ್ಕಿದ್ದು ಮಾತ್ರೆಯ ಪಟ್ಟಿ. ಅರ್ಧ ಖಾಲಿ. ಹೆಸರು ಓದಿ ಅವಳ ಹುಬ್ಬು ಮೇಲೇರಿತು. ಹಿಂದೆ ಲಾರಿ ಅಪಘಾತವೊಂದರ ತನಿಖೆಗೆ ಹೋದಾಗ ಡ್ರೈವರನ ಸೀಟಿನ ಕೆಳಗೆ ಇದೇ ಮಾತ್ರೆ ಸಿಕ್ಕಿತ್ತು. ನಿದ್ದೆ ಓಡಿಸುವ ಮಾತ್ರೆ. ಅಲ್ಲ, ಹಗಲೆಲ್ಲ ಕುರ್ಚಿಯಲ್ಲಿ ಕೂತು ತೂಕಡಿಸುತ್ತಿದ್ದ ಮುದುಕನಿಗೆ ನಿದ್ದೆ ಓಡಿಸುವ ಮಾತ್ರೆ ಯಾಕೆ?

"ಅತ್ತೆ, ಅಪ್ಪ ಯಾವ ಮಾತ್ರೆ ತಗೋತಿದ್ರು?"

"ಬೀಪಿಗೆ ಒಂದು ಚಿಕ್ಕದು. ಅದು ಬಿಡು, ನಿಂಗೊಂದು ವಿಷಯ ಹೇಳ್ಬೇಕು ಅಂತಲೇ ಬಂದೆ." ಅತ್ತೆ ಬಾಗಿಲನ್ನು ಅರ್ಧ ಮುಚ್ಚಿದಳು. ಅಣ್ಣ ಸತ್ತ ದುಃಖ ಅವಳಿಗೆ ನಿಜವಾಗಿಯೂ ಇತ್ತು, ಆದರೆ ಸುದ್ದಿಯೊಂದು ಹೊಟ್ಟೆಯೊಳಗಿದ್ದರೆ ದುಃಖಕ್ಕೂ ಸರಿಯಾಗಿ ಜಾಗ ಸಿಗುತ್ತಿರಲಿಲ್ಲ. "ಹಾಲ್‌ನಲ್ಲಿ ನೀಲಿ ಸ್ವೆಟರ್ ಹಾಕ್ಕೊಂಡು ಒಬ್ಬಳು ಕೂತಿದಾಳಲ್ಲ, ನೋಡಿದ್ಯಾ?"

"ನೋಡ್ದೆ. ಯಾರು?"

"ಅದನ್ನೇ ನಾನೂ ಕೇಳ್ತಿರೋದು! ನಾನಿರೋದು ಎದುರು ಬೀದಿ. ನಿನ್ನೆ ಫೋನ್ ಬಂದ ಕೂಡ್ಲೇ ಚಪ್ಪಲಿ ಕೂಡ ಮೆಟ್ಟದೆ ಓಡಿ ಬಂದೆ. ಬಂದು ನೋಡಿದ್ರೆ ನಂಗಿಂತ ಮುಂಚೆ ಅವಳು ಬಂದು ಕೂತಿದಾಳೆ, ಅಣ್ಣನ ಕೈ ಹಿಡ್ಕೊಂಡು! ಡಾಕ್ಟ್ರು ಬಂದಿದ್ದು ಅವಳು ಬಂದ್ಮೇಲೆ. ಒಡಹುಟ್ಟಿದೋಳಿಗೆ ಫೋನು ಆಮೇಲೆ. ನಿಂಗಂತೂ ಎಲ್ಲರಿಗಿಂತ ಕೊನೆ."

"ಅಮ್ಮ ಏನಂದ್ಳು?"

"'ಪರಿಚಯದವರು' ಅಂದ್ರು. ಜಪ್ಪಯ್ಯ ಅಂದ್ರೂ ಮುಂದೆ ಬಾಯಿ ಬಿಡ್ಲಿಲ್ಲ. ಇನ್ನೊಂದು ಕೇಳು. ಅಣ್ಣ ತಿಂಡಿ ತಿಂದು ಕುರ್ಚಿಯಲ್ಲಿ ಕೂತಿದ್ದು ಬೆಳಿಗ್ಗೆ. ಡಾಕ್ಟ್ರನ್ನ ಕರೆದಿದ್ದು ಮಧ್ಯಾಹ್ನ ಆಗ್ತಾ ಬಂದಾಗ. ಅಲ್ಲೀತನಕ ಅತ್ತಿಗೆ ಏನು ಮಾಡ್ತಿದ್ರು?" ಅತ್ತೆ ಇನ್ನಷ್ಟು ಹತ್ತಿರ ಬಂದಳು. "ವರ್ಷಕ್ಕೆ ಒಂದೆರಡು ಸಲ 'ಸ್ನೇಹಿತನ ಮನೆ' ಅಂತ ಹೋಗಿ ಒಂದು ರಾತ್ರಿ ಉಳಿದು ಬರ್ತಿದ್ದನಲ್ಲ ನಿಮ್ಮಪ್ಪ, ಅವನಿಗೆ ಸ್ನೇಹಿತರು ಎಲ್ಲಿದ್ರೇ? ನೀನೇ ಹೇಳು!"

ಮಗಳು ಮಾತ್ರೆಯ ಪಟ್ಟಿಯನ್ನು ಕೈಚೀಲಕ್ಕೆ ಸೇರಿಸಿದಳು. ಅನುಮಾನ ಅವಳಿಗೆ ಅನ್ನ ಕೊಡುವ ಕೆಲಸ. ಇವತ್ತಾದರೂ ರಜೆ ಹಾಕೋಣವೆಂದರೆ ಅದು ಮನೆಗೇ ಹುಡುಕಿಕೊಂಡು ಬಂದಿತ್ತು.

ಹಾಲ್‌ನಲ್ಲಿ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿದ್ದರು. ನಡುವೆ ಉದ್ದನೆಯ ಪೆಟ್ಟಿಗೆ, ಒಳಗೆ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಅಪ್ಪ. ಬದುಕಿದ್ದಾಗ ಯಾವಾಗಲೂ ಗಂಟಿಕ್ಕಿರುತ್ತಿದ್ದ ಮುಖ ಈಗ ಸ್ವಲ್ಪ ಸಡಿಲವಾಗಿತ್ತು, ಅಷ್ಟೇ ವ್ಯತ್ಯಾಸ. ವ್ಯಾನ್ ಬರಲು ಇನ್ನೂ ಹೊತ್ತಿತ್ತು. ಬಂದವರು ಕಾಫಿ ಕುಡಿಯುತ್ತ, ಮಾತಾಡಲೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರು. ಮಾತಾಡುತ್ತಿದ್ದವನು ಒಬ್ಬನೇ, ಬಾಬಿನ್. ಹೊಲಿಗೆ ಮಿಷನ್ನಿನ ನೂಲಿನ ಉರುಳೆಯ ಹಾಗೆ ಕುಳ್ಳಗೆ ಗುಂಡಗೆ ಇದ್ದು ಸದಾ ತಿರುಗುತ್ತಲೇ ಇರುತ್ತಿದ್ದನೆಂದು ಅಪ್ಪ ಕೆಲಸಕ್ಕಿದ್ದ ಹೊಲಿಗೆ ಕಾರ್ಖಾನೆಯವರು ಇಟ್ಟ ಹೆಸರು.

"ಮೂವತ್ತು ವರ್ಷ ಇವರ ಎದುರು ಟೇಬಲ್‌ನಲ್ಲಿ ಕೆಲಸ ಮಾಡ್ದೆ ಕಣ್ರೀ. ಒಂದು ದಿನ, ಒಂದೇ ಒಂದು ದಿನ ಈ ಮನುಷ್ಯ ನಕ್ಕಿದ್ದು ಕಂಡಿಲ್ಲ. ಬಟ್ಟೆ ಒಂದರ ಮೇಲೊಂದು ಇಷ್ಟೆತ್ತರ ಪೇರಿಸಿರೋರು, ಕತ್ತರಿಸೋ ಮಿಷನ್ ಗುರ್ ಅಂತ ಓಡ್ತಿರೋದು, ಅಷ್ಟರಲ್ಲಿ ಯಾರಾದ್ರೂ ಜೋಕ್ ಹೊಡೆದ್ರೋ, ಮುಗೀತು ಕತೆ. ಮಿಷನ್ ಆಫ್. 'ಹೊರಗೆ ಹೋಗಿ ನಕ್ಕು ಬಾ' ಅನ್ನೋರು. ಗಂಟುಮೋರೆ ಮಾಸ್ಟ್ರು ಅಂತ ಹೆಸರಿಟ್ಟಿದ್ದೇ ನಾವು." ಬಾಬಿನ್ ನಾಲಗೆ ಕಚ್ಚಿಕೊಂಡು ಪೆಟ್ಟಿಗೆಯ ಕಡೆ ತಿರುಗಿ ಕೈ ಮುಗಿದ. "ತಪ್ಪಾಯ್ತು ಮಾಸ್ಟ್ರೇ. ಆದ್ರೆ ಒಂದು ಹೇಳ್ತೀನಿ. ಕಟಿಂಗ್ ಮಾಸ್ಟ್ರೊಬ್ಬರು ಹತ್ತೂ ಬೆರಳು ಉಳಿಸ್ಕೊಂಡು ನಿವೃತ್ತಿ ಆಗೋದು ಅಂದ್ರೆ ಸಣ್ಣ ಮಾತಲ್ಲ. ಬೇಕಿದ್ರೆ ಎಣಿಸಿ ನೋಡಿ."

ಯಾರೂ ಎಣಿಸಲಿಲ್ಲ. ಮಗಳು ಗೋಡೆಗೊರಗಿ ನಿಂತು ಲೆಕ್ಕ ಹಾಕುತ್ತಿದ್ದುದು ಬೇರೆ. ಕಾರ್ಖಾನೆಯಲ್ಲಿ ಗಂಟುಮೋರೆ. ಮನೆಯಲ್ಲೂ ಗಂಟುಮೋರೆ. ಹಾಗಾದರೆ ಈ ಮನುಷ್ಯ ನಗುತ್ತಿದ್ದುದು ಎಲ್ಲಿ? ಯಾರ ಎದುರಿಗೆ?

ಮೂಲೆಯಲ್ಲಿ ನೀಲಿ ಸ್ವೆಟರ್‌ನ ಹೆಂಗಸು ಕರವಸ್ತ್ರದಿಂದ ಮೂಗು ಒರೆಸಿಕೊಂಡಳು. ನೆಂಟರಿಷ್ಟರಲ್ಲಿ ಯಾರೂ ಅಷ್ಟು ಅತ್ತಿರಲಿಲ್ಲ.

*

ಮಗಳಿಗಾಗ ಏಳು ವರ್ಷ. ಶಾಲೆಯಲ್ಲಿ ಒಬ್ಬ ಡ್ರಿಲ್ ಮೇಷ್ಟ್ರಿದ್ದರು. ಸೀಟಿ ಬಾಯಲ್ಲಿಟ್ಟುಕೊಂಡೇ ಬೈಯುತ್ತಿದ್ದರು, ಹಾಗಾಗಿ ಪ್ರತಿ ಬೈಗುಳಕ್ಕೂ ಒಂದು ಪೀಪೀ ಸೇರುತ್ತಿತ್ತು. ಸಂಜೆ ಅಪ್ಪನ ಕುರ್ಚಿಯ ಮುಂದೆ ನಿಂತು ಅವಳು ಆ ಮೇಷ್ಟ್ರಾದಳು. ಹೊಟ್ಟೆ ಮುಂದೆ ಮಾಡಿ, ಬಾಯಲ್ಲಿ ಸೀಟಿಯಿಟ್ಟುಕೊಂಡವಳ ಹಾಗೆ, "ಪೀ, ಕತ್ತೆ, ಪೀ, ಬೆನ್ನು ನೆಟ್ಟಗೆ, ಪೀ!"

ಅಪ್ಪನ ತುಟಿ ಅಲುಗಿತು. ಕಣ್ಣು ಮಿನುಗಿತು. ಅವಳು ಇನ್ನಷ್ಟು ಹುಮ್ಮಸ್ಸಿನಿಂದ ಪೀ ಎಂದಳು. ಅಷ್ಟರಲ್ಲಿ ಅಪ್ಪನ ಗದ್ದ ಜೋತುಬಿತ್ತು, ಕುತ್ತಿಗೆ ವಾಲಿತು, ಇಡೀ ಮನುಷ್ಯ ಕುರ್ಚಿಯಿಂದ ಒದ್ದೆ ಬಟ್ಟೆಯ ಹಾಗೆ ಜಾರಿ ನೆಲಕ್ಕೆ ಬಿದ್ದ.

ಅವಳು ಕಿರುಚಿದಳು. ಅಪ್ಪನನ್ನು ಅಲ್ಲಾಡಿಸಿದಳು. ಅಡುಗೆಮನೆಯಿಂದ ಓಡಿಬಂದ ಅಮ್ಮ ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿದಳು. "ಏನಿಲ್ಲ ಕಣೇ, ಅಪ್ಪ ನಾಟಕ ಆಡ್ತಿದಾರೆ."

ನಾಟಕ! ತಾನು ಅಷ್ಟು ಕಷ್ಟಪಟ್ಟು ನಗಿಸುತ್ತಿದ್ದರೆ ಸತ್ತವನ ಹಾಗೆ ನಾಟಕ! ಅವಳು ಎರಡೂ ಮುಷ್ಟಿ ಕಟ್ಟಿ ಅಪ್ಪನ ಎದೆಗೆ ಗುದ್ದಿದಳು. "ಕೆಟ್ಟ ಅಪ್ಪ! ನಿನ್ನ ಜೊತೆ ಇನ್ನು ಯಾವತ್ತೂ ಮಾತಾಡಲ್ಲ. ನೀನು ನಂಗೆ ಬೇಡವೇ ಬೇಡ!"

ಮರುದಿನ ಮರೆತು ಮತ್ತೆ ಕತೆ ಹೇಳಲು ಹೋದಳು, ಮಕ್ಕಳ ಸಿಟ್ಟು ಎಷ್ಟು ಹೊತ್ತಿನದು. ಅಪ್ಪ ಮರೆತ ಹಾಗೆ ಕಾಣಲಿಲ್ಲ. ಅಂದಿನಿಂದ ಅವಳು ಏನಾದರೂ ತಮಾಷೆಯದು ಶುರು ಮಾಡಿದರೆ ಅಪ್ಪ ಅರ್ಧಕ್ಕೆ ಎದ್ದು ಪಕ್ಕದ ಕೋಣೆಗೆ ಹೋಗುತ್ತಿದ್ದ. ಹಿಂದೆಯೇ ಅಮ್ಮ. ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಹೊರಗೆ ಕತೆಯ ಉಳಿದರ್ಧವನ್ನು ಬಾಯಲ್ಲಿಟ್ಟುಕೊಂಡು ಅವಳು ನಿಂತಿರುತ್ತಿದ್ದಳು. ಒಳಗೆ ತನ್ನ ಬಗ್ಗೆಯೇ ಏನೋ ಮಾತಾಡುತ್ತಿದ್ದಾರೆ ಎಂದು ಕಿವಿಗೊಡುತ್ತಿದ್ದಳು. ಏನೂ ಕೇಳಿಸುತ್ತಿರಲಿಲ್ಲ.

*

ನೀಲಿ ಸ್ವೆಟರ್‌ನವಳು ಎದ್ದು ಅಡುಗೆಮನೆಗೆ ಹೋಗಿ ಕಾಫಿ ಲೋಟ ತೊಳೆಯತೊಡಗಿದಳು. ತೊಳೆದ ಲೋಟವನ್ನು ಯಾವ ಗೂಡಿನಲ್ಲಿಡಬೇಕೆಂದು ಯಾರನ್ನೂ ಕೇಳಲಿಲ್ಲ. ಮಗಳು ಅದನ್ನು ಗಮನಿಸಿದಳು. ಈ ಮನೆಯಲ್ಲಿ ಇದು ಅವಳ ಮೊದಲ ಸಲವಂತೂ ಅಲ್ಲ.

"ನೀವು ನಮ್ಮಪ್ಪನಿಗೆ ಏನಾಗ್ಬೇಕು?" ಕಚೇರಿಯಲ್ಲಿ ಕೇಳುವ ದನಿಯಲ್ಲೇ ಕೇಳಿದಳು.

"ಏನೂ ಆಗ್ಬೇಕಾಗಿಲ್ಲ."

"ಮತ್ತೆ ಪರಿಚಯ ಹೇಗೆ?"

ಆ ಹೆಂಗಸು ಅಮ್ಮ ಬರುತ್ತಾಳೇನೋ ಎಂದು ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ನಿಂತಿದ್ದು ಅತ್ತೆ. ನೀಲಿ ಸ್ವೆಟರ್‌ನವಳು ಮುಚ್ಚಿಟ್ಟು ಅಭ್ಯಾಸವಿಲ್ಲದವರ ಹಾಗೆ ತಡವರಿಸಿದಳು. "ನಾನು... ಅವರು ಮಲಗೋದನ್ನ ನೋಡ್ಕೊಳ್ತಿದ್ದೆ. ಹದಿನಾಲ್ಕು ವರ್ಷದಿಂದ."

"ಅಯ್ಯೋ ನನ್ನ ಕರ್ಮವೇ!" ಅತ್ತೆ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದಳು.

"ಅಲ್ಲ, ಅಲ್ಲ, ನೀವು ಅಂದ್ಕೊಂಡ ಹಾಗಲ್ಲ..."

ಗದ್ದಲ ಕೇಳಿ ಅಮ್ಮ ಬಂದಳು. ಅತ್ತು ಅತ್ತು ಮುಖ ಊದಿತ್ತು. ಮಗಳಿಗೆ ಪಾಪ ಅನಿಸಿತು, ಆದರೆ ಬಾಯಿ ನಿಲ್ಲಲಿಲ್ಲ.

"ಅಮ್ಮಾ, ನೀನೇ ಹೇಳಿಬಿಡು. ಇವರು ಯಾರು? ನಿನ್ನೆ ಬೆಳಿಗ್ಗೆಯೆಲ್ಲ ನೀನು ಏನು ಮಾಡ್ತಿದ್ದೆ? ಈ ಮಾತ್ರೆ ಯಾಕೆ?" ಪಟ್ಟಿಯನ್ನು ತೆಗೆದು ಕಟ್ಟೆಯ ಮೇಲೆ ಬಿಸಾಕಿದಳು. "ಗೊತ್ತಾಗೋತನಕ ನಾನು ವ್ಯಾನ್ ಹತ್ತಲ್ಲ. ಮಣ್ಣು ಹಾಕಲ್ಲ. ಯಾರಿಗೆ ಅಂತ ಹಾಕ್ಲಿ? ಆ ಮನುಷ್ಯ ಯಾರು ಅಂತಾನೇ ನಂಗೆ ಗೊತ್ತಿಲ್ಲ!"

*

ಕಾಲೇಜಿನಲ್ಲಿ ಅವಳು ನಾಟಕದ ಹುಚ್ಚಿಗೆ ಬಿದ್ದಿದ್ದಳು. ಅದೂ ಹಾಸ್ಯ ಪಾತ್ರವೇ ಆಗಬೇಕು. ಕೊನೆಯ ವರ್ಷದ ನಾಟಕದಲ್ಲಿ ಕಿವುಡಿ ಅಜ್ಜಿಯ ಪಾತ್ರ ಸಿಕ್ಕಿತು. ಅಪ್ಪ ಬರುವುದಿಲ್ಲ ಎಂದೇ ಅಂದುಕೊಂಡಿದ್ದಳು. ಬಂದ. ಮೊದಲ ಸಾಲಿನಲ್ಲೇ ಕೂತ, ಪಕ್ಕದಲ್ಲಿ ಅಮ್ಮ.

ಅವಳು ರಂಗಕ್ಕೆ ಬಂದು ಎರಡು ಮಾತು ಆಡಿರಲಿಲ್ಲ, ಇಡೀ ಸಭಾಂಗಣ ಬಿದ್ದು ಬಿದ್ದು ನಗುತ್ತಿತ್ತು. ಮೂರನೇ ಮಾತಿಗೆ ಅಪ್ಪ ಎದ್ದ. ಅಮ್ಮನ ಭುಜ ಹಿಡಿದುಕೊಂಡು, ಜನರ ಮೊಣಕಾಲಿಗೆ ತಗುಲುತ್ತ, ಬಾಗಿಲ ಕಡೆ ನಡೆದೇಬಿಟ್ಟ. ಬೆಳಕಿನಲ್ಲಿ ಅವಳಿಗೆ ಕಂಡಿದ್ದು ಅಪ್ಪನ ಬೆನ್ನು ಮತ್ತು ಎರಡು ಖಾಲಿ ಕುರ್ಚಿ.

ನಾಟಕವೇನೋ ಚೆನ್ನಾಗಿಯೇ ಮುಗಿಯಿತು. ಬಹುಮಾನವೂ ಬಂತು. ಅದಾದ ಮೇಲೆ ಅವಳು ರಂಗ ಹತ್ತಲಿಲ್ಲ. ಮುಂದಿನ ವರ್ಷ ವಿಮೆ ಕಂಪನಿಗೆ ಸೇರಿದಳು, ಅಲ್ಲಿ ನಾಟಕ ಆಡುವವರು ಬೇರೆಯವರು, ಹಿಡಿಯುವವಳು ಅವಳು.

*

ಅಮ್ಮ ಅಡುಗೆಮನೆಯ ನೆಲದ ಮೇಲೇ ಕೂತಳು.

"ನಿಮ್ಮಪ್ಪನಿಗೆ ನಗೋಕೆ ಆಗ್ತಿರ್ಲಿಲ್ಲ ಕಣೇ."

"ಅದು ಊರಿಗೇ ಗೊತ್ತು."

"ನಗು ಬರ್ತಿರ್ಲಿಲ್ಲ ಅಂತ ಅಲ್ಲ. ನಕ್ಕರೆ ಬಿದ್ದುಬಿಡ್ತಿದ್ರು. ನೀನು ಚಿಕ್ಕೋಳಿದ್ದಾಗ ಒಂದ್ಸಲ ನೋಡಿದೀಯಲ್ಲ. ಅದು ನಾಟಕ ಅಲ್ಲ. ನಾನು ಸುಳ್ಳು ಹೇಳ್ದೆ." ಅಮ್ಮ ನೀಲಿ ಸ್ವೆಟರ್‌ನವಳ ಕಡೆ ತಿರುಗಿದಳು. "ನೀವೇ ಹೇಳಿ, ನಂಗೆ ಬಿಡಿಸಿ ಹೇಳೋಕೆ ಬರಲ್ಲ."

ಆ ಹೆಂಗಸು ಆಸ್ಪತ್ರೆಯೊಂದರ ನಿದ್ದೆ ಪರೀಕ್ಷೆಯ ವಿಭಾಗದಲ್ಲಿ ಕೆಲಸಕ್ಕಿದ್ದಳು. ರೋಗಿಗಳ ತಲೆಗೆ ತಂತಿ ಅಂಟಿಸಿ, ಅವರು ಮಲಗಿರುವಾಗ ಮೆದುಳು ಏನು ಮಾಡುತ್ತಿದೆ ಎಂದು ಪಕ್ಕದ ಕೋಣೆಯಲ್ಲಿ ಕೂತು ನೋಡುವುದು ಅವಳ ಕೆಲಸ. ಅಪ್ಪನ 'ಸ್ನೇಹಿತನ ಮನೆ' ಅದೇ. ಆಗೊಮ್ಮೆ ಈಗೊಮ್ಮೆ ಅವಳೂ ಮನೆಗೆ ಬಂದು ನೋಡಿ ಹೋಗುತ್ತಿದ್ದಳು. ಕೈ ಒರೆಸಿಕೊಂಡು ನಿಧಾನವಾಗಿ ಹೇಳಿದಳು.

"ನಾವು ಕನಸು ಕಾಣೋವಾಗ ಮೆದುಳು ಕೈಕಾಲನ್ನ ಆಫ್ ಮಾಡಿರುತ್ತೆ. ಇಲ್ಲಾಂದ್ರೆ ಕನಸಲ್ಲಿ ಓಡಿದ್ರೆ ಹಾಸಿಗೆಯಿಂದಾನೂ ಎದ್ದು ಓಡ್ತಿದ್ವಿ. ಎಚ್ಚರ ಆದ್ರೆ ಮತ್ತೆ ಆನ್. ನಿದ್ದೆ ಎಚ್ಚರದೊಳಗೆ, ಎಚ್ಚರ ನಿದ್ದೆಯೊಳಗೆ ನುಗ್ಗದ ಹಾಗೆ ಕಾಯೋಕೆ ಮೆದುಳಿನ ಬುಡದಲ್ಲಿ ಒಂದಿಷ್ಟು ಜೀವಕೋಶ ಇರ್ತವೆ. ಅವು ಒಂದು ರಸ ಬಿಡ್ತವೆ, ಬಾಗಿಲಿಗೆ ಚಿಲಕ ಇದ್ದ ಹಾಗೆ ಅದು. ನಿಮ್ಮ ತಂದೆಯವರಿಗೆ ಆ ಜೀವಕೋಶಗಳೇ ಸತ್ತು ಹೋಗಿದ್ವು. ಅದಕ್ಕೇ ಹಗಲಲ್ಲಿ ಕೂತಲ್ಲೇ ನಿದ್ದೆ, ಅದನ್ನ ತಡೆಯೋಕೆ ಈ ಮಾತ್ರೆ. ಜೋರಾಗಿ ನಗು ಬಂತು ಅಂದ್ರೆ, ಎಚ್ಚರ ಇರೋವಾಗಲೇ ಮೈ ಮಾತ್ರ ಕನಸಿನ ನಿದ್ದೆಗೆ ಜಾರಿಬಿಡೋದು. ಒಂದೆರಡು ನಿಮಿಷ. ಕಣ್ಣು ತೆರೆಯೋಕಾಗಲ್ಲ, ನಾಲಗೆ ಹೊರಳಲ್ಲ. ಕಿವಿ ಮಾತ್ರ ಕೇಳ್ತಿರುತ್ತೆ."

"ಎಲ್ಲಾನೂ ಕೇಳುತ್ತಾ?"

"ಎಲ್ಲಾನೂ."

ನೀನು ನಂಗೆ ಬೇಡವೇ ಬೇಡ. ಅವತ್ತು ಮಗಳು ಗುದ್ದುತ್ತ ಅಂದಿದ್ದು. ಅಪ್ಪ ಮಲಗಿದಲ್ಲೇ ಅದನ್ನು ಪೂರ್ತಿ ಕೇಳಿಸಿಕೊಂಡಿದ್ದ, ಒಂದು ಬೆರಳು ಎತ್ತಿ ಅವಳನ್ನು ಸುಮ್ಮನಾಗಿಸಲೂ ಆಗದೆ.

ಕಾಫಿ ಕೇಳಲು ಬಂದು ಬಾಗಿಲಲ್ಲೇ ನಿಂತಿದ್ದ ಬಾಬಿನ್ ಬಾಯಿ ತೆರೆದ. "ಊಟದ ಬಿಡುವಿನಲ್ಲಿ ಬಟ್ಟೆ ಥಾನುಗಳ ಹಿಂದೆ ಹೋಗಿ ಮಲಗೋರು. ನಮ್ಮ ಜೊತೆ ಕೂತು ಉಣ್ಣೋಕೆ ಜಂಬ ಅಂತ ನಾವು... ಮತ್ತೆ ಆ ಮಿಷನ್! ಅದು ಓಡ್ತಿರೋವಾಗ ಕೈ ಸಡಿಲ ಆಗಿದ್ರೆ ಏನಾಗ್ಬೇಕಿತ್ತು!"

"ಆ ಕೆಲಸ ಬಿಡಿ ಅಂತ ಡಾಕ್ಟ್ರು ಗೋಗರೆದ್ರು," ಎಂದಳು ಅಮ್ಮ. "ಕೇಳಿದ್ರೆ ತಾನೇ. 'ಅದೊಂದೇ ನಂಗೆ ಬರೋದು' ಅಂತ ಹಠ. ಕಾರ್ಖಾನೆಗೆ ಗೊತ್ತಾಗಬಾರದು ಅಂತ ಯಾರಿಗೂ ಹೇಳಗೊಡಲಿಲ್ಲ."

ಎಲ್ಲವೂ ಸರಿಯಾಗಿ ಹೊಂದಿಕೊಳ್ಳುತ್ತಿತ್ತು. ಕತೆ ಇಷ್ಟು ಚೆನ್ನಾಗಿ ಹೊಂದಿಕೊಂಡರೆ ಅನುಮಾನ ಹೆಚ್ಚಬೇಕು ಎಂದು ಕೆಲಸ ಅವಳಿಗೆ ಕಲಿಸಿತ್ತು. ಕೊನೆಯ ಸಲವೆಂಬಂತೆ ಪಟ್ಟು ಹಿಡಿದಳು. "ನಕ್ಕರೆ ಬೀಳ್ತಿದ್ರು ಅಂತೀರ. ಆ ಮನುಷ್ಯನಿಗೆ ನಗು ಬರ್ತಿತ್ತು ಅನ್ನೋದಕ್ಕೆ ಏನು ಸಾಕ್ಷಿ?"

ಅಷ್ಟು ಹೊತ್ತು ಅಳುತ್ತಿದ್ದ ಹೆಂಗಸಿನ ಮುಖ ಅರಳಿತು.

"ಮೊದಲ ಸಲ ಬಂದಾಗ ನಮಗೂ ಅದೇ ಅನುಮಾನ! ಬೀಳೋದನ್ನ ಕಣ್ಣಾರೆ ನೋಡ್ಬೇಕು ಅಂದ್ರು ಡಾಕ್ಟ್ರು. ಹಾಸ್ಯ ಸಿನಿಮಾ ಹಾಕಿದ್ವಿ. ಜೋಕ್ ಓದಿದ್ವಿ. ನಮ್ಮ ದೊಡ್ಡ ಡಾಕ್ಟ್ರು ಕೋತಿ ಥರ ಕುಣಿದೂ ತೋರಿಸಿದ್ರು. ಊಹೂಂ, ಕಲ್ಲು. ಕೊನೆಗೆ ಅವರೇ 'ಎಲ್ಲರೂ ಸ್ವಲ್ಪ ಸುಮ್ಮನಿರಿ' ಅಂದ್ರು. ಕಣ್ಣು ಮುಚ್ಚಿ ಏನೋ ನೆನಪು ಮಾಡ್ಕೊಂಡ್ರು. ತುಟಿ ಅಲುಗಿತು, ಗದ್ದ ಅದುರಿತು, ನಾನು ಹಿಡೀದೇ ಇದ್ದಿದ್ರೆ ಮಂಚದಿಂದ ಕೆಳಗೆ. ಎದ್ದ ಮೇಲೆ ಕೇಳ್ದೆ, ಅದೇನು ನೆನಪು ಮಾಡ್ಕೊಂಡ್ರಿ ಅಂತ. 'ನನ್ನ ಮಗಳು' ಅಂದ್ರು. ಆಮೇಲೆ ಯಾವಾಗ ಪರೀಕ್ಷೆ ಮಾಡ್ಬೇಕಾದ್ರೂ ಅದೇ. ನಾವು ಯಾರೂ ಏನೂ ಹೇಳ್ಬೇಕಾಗಿರ್ಲಿಲ್ಲ. ಸುಮ್ಮನೆ ಕೂತು ನಿಮ್ಮನ್ನ ನೆನೆಸ್ಕೊಳ್ಳೋರು, ಬೀಳೋರು."

ಮಗಳು ಅಮ್ಮನ ಎದುರು ಕೂತುಬಿಟ್ಟಳು.

"ನಂಗ್ಯಾಕಮ್ಮಾ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನಗಿಸೋದು ನಿಲ್ಲಿಸ್ತಿದ್ದೆ. ಅಪ್ಪ ಬೀಳ್ತಾರೆ ಅಂತ ಹೆದರಿ ಹೆದರಿ ಬೆಳೀತಿದ್ದೆ. ಅದು ಅವರಿಗೆ ಬೇಡವಾಗಿತ್ತು. 'ಅವಳ ಪಾಡಿಗೆ ಅವಳು ನಗ್ತಾ ಇರ್ಲಿ, ನಾನೇ ಎದ್ದು ಹೋಗ್ತೀನಿ' ಅನ್ನೋರು. ಒಳಗೆ ಬರೋದೇ ತಡ, ಬೀಳೋರು. ಹಿಡ್ಕೊಳ್ಳೋಕೆ ಅಂತ ನಾನು ಹಿಂದೆ ಓಡಿ ಬರ್ತಿದ್ದೆ."

"ಆದ್ರೂ ನಗಿಸೋದು ನಿಂತು ಹೋಯ್ತಲ್ಲಮ್ಮಾ."

"ಗೊತ್ತು ಕಣೇ," ಅಮ್ಮ ಬಿಕ್ಕಿದಳು. "ನೀನು ಆ ದರಿದ್ರ ಕೆಲಸಕ್ಕೆ ಸೇರಿದ ದಿನವೇ ಗೊತ್ತಾಯ್ತು. ಅಷ್ಟು ಹೊತ್ತಿಗೆ ನೀನು ನಾವು ಏನು ಹೇಳಿದ್ರೂ ನಂಬೋ ಹಾಗೇ ಇರ್ಲಿಲ್ಲ."

ಅತ್ತೆ ಮೂಗು ಸೇದುತ್ತ ಎದ್ದುಬಂದು ಅಮ್ಮನ ಬೆನ್ನು ಸವರಿದಳು. "ನಿನ್ನೆ ಬೆಳಿಗ್ಗೆ ಏನಾಯ್ತು ಅತ್ತಿಗೆ?"

"ಕುರ್ಚಿಯಲ್ಲಿ ಕುತ್ತಿಗೆ ವಾಲಿತು. ಎಷ್ಟು ಸಾವಿರ ಸಲ ನೋಡಿಲ್ಲ ನಾನು? ಕೆಲವು ಸಲ ಹಾಗೇ ಗಂಟೆಗಟ್ಟಲೆ ನಿದ್ದೆಗೂ ಜಾರೋರು. ಎದ್ದೇಳ್ತಾರೆ ಅಂತ ಪಕ್ಕದಲ್ಲಿ ಕೂತು ಬಟಾಣಿ ಸುಲೀತಾ ಇದ್ದೆ. ಕಿವಿಗೆ ಕೇಳಿಸ್ತಿರುತ್ತಲ್ಲ, ಬೇಜಾರಾಗದೆ ಇರ್ಲಿ ಅಂತ ಅದೂ ಇದೂ ಮಾತಾಡ್ತಿದ್ದೆ. ಬಟಾಣಿ ಮುಗೀತು. ಕೈ ಮುಟ್ಟಿದ್ರೆ ತಣ್ಣಗೆ. ಇವರಿಗೆ ಫೋನ್ ಮಾಡ್ದೆ. ಇದು ಅದೇನಾ, ಬೇರೆಯಾ ಅಂತ ಹೇಳೋಕೆ ಇವರೊಬ್ಬರಿಗೇ ತಾನೆ ಬರೋದು." ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಬೇರೆ ಅಂದ್ರು."

ಹೊರಗೆ ವ್ಯಾನ್ ಹಾರ್ನ್ ಹಾಕಿತು. ಮಗಳು ಎದ್ದು ಅಮ್ಮನನ್ನು ಎಬ್ಬಿಸಿದಳು, ಹಾಲ್‌ಗೆ ಹೋಗಿ ಪೆಟ್ಟಿಗೆಯ ತಲೆಯ ಕಡೆ ಹೆಗಲು ಕೊಟ್ಟಳು.

*

ಗುಂಡಿಯ ಸುತ್ತ ಜನ ನಿಂತರು. ಯಾರಾದರೂ ನಾಲ್ಕು ಮಾತಾಡಿ ಎಂದು ಹಿರಿಯರೊಬ್ಬರು ಹೇಳಿದರು. ಗಂಟುಮೋರೆ ಮಾಸ್ಟರ್ ಬಗ್ಗೆ ಏನು ಹೇಳುವುದೆಂದು ಯಾರಿಗೂ ತೋಚಲಿಲ್ಲ. ಬಾಬಿನ್‌ನಂಥ ಬಾಬಿನ್ ಕೂಡ ನೆಲ ನೋಡುತ್ತಿದ್ದ.

ಮಗಳು ಮುಂದೆ ಬಂದಳು. ಗಂಟಲು ಸರಿಮಾಡಿಕೊಂಡಳು.

"ಅಪ್ಪಾ, ಹೋದ ತಿಂಗಳು ನಮ್ಮ ಆಫೀಸಿಗೆ ಒಬ್ಬ ಬಂದಿದ್ದ," ಎಂದಳು.

ಜನ ಮುಖ ಮುಖ ನೋಡಿಕೊಂಡರು. ಅತ್ತೆ ಅವಳ ತೋಳು ಜಗ್ಗಿದಳು. ಅವಳು ಬಿಡಿಸಿಕೊಂಡಳು.

"ಸ್ಕೂಟರ್ ಕಳುವಾಗಿದೆ ಅಂತ. ಏನು ಅಳು ಅಂತೀಯ! ಹೆತ್ತ ತಾಯಿ ಹೋದ್ರೂ ಅಷ್ಟು ಅಳಲ್ಲ." ಅವಳ ಹೆಗಲು ಇಳಿಯಿತು, ಕೆಳದುಟಿ ಮುಂದೆ ಬಂತು, ದನಿ ಮೂಗಿಗೇರಿತು. "'ಮೇಡಂ, ಅದು ಸ್ಕೂಟರ್ ಅಲ್ಲ ಮೇಡಂ, ನನ್ನ ಬಲಗೈ ಮೇಡಂ, ಅದಿಲ್ದೆ ಎಲ್ಲಿಗೂ ಹೋಗೋಕಾಗ್ತಿಲ್ಲ ಮೇಡಂ.' ಪಾಪ ಅನ್ನಿಸ್ತು. ಮತ್ತೆ ಇಷ್ಟು ದೂರ ಹೇಗೆ ಬಂದ್ರಿ ಅಂದೆ. 'ಸ್ಕೂಟರಲ್ಲಿ ಮೇಡಂ.' ಯಾವ ಸ್ಕೂಟರು? ಕೈಯಲ್ಲಿದ್ದ ಹೆಲ್ಮೆಟ್ ನೋಡ್ಕೊಂಡ. ನನ್ನ ನೋಡ್ದ. ಮತ್ತೆ ಹೆಲ್ಮೆಟ್ ನೋಡ್ದ. 'ಅದೇ ಮೇಡಂ... ಕಳ್ಳ ಒಳ್ಳೆ ಮನುಷ್ಯ ಮೇಡಂ, ಹಗಲು ಹೊತ್ತು ಕೊಟ್ಟಿರ್ತಾನೆ!'"

ಮೊದಲು ನಗು ಉಕ್ಕಿದ್ದು ಬಾಬಿನ್‌ಗೆ. ತಡೆಯಲು ಹೋಗಿ ಕೆಮ್ಮಿದ, ಕೆಮ್ಮುತ್ತಲೇ ನಕ್ಕ. ನೀಲಿ ಸ್ವೆಟರ್‌ನವಳು ಕರವಸ್ತ್ರ ಬಾಯಿಗೊತ್ತಿಕೊಂಡಳು. ಅತ್ತೆ "ಥೂ ನಿನ್ನ, ಮಸಣದಲ್ಲಿ..." ಎನ್ನುತ್ತ ತಾನೇ ಹೊಟ್ಟೆ ಹಿಡಿದುಕೊಂಡಳು. ಹಾರೆಗೆ ಒರಗಿ ನಿಂತಿದ್ದ ಗುಂಡಿ ತೋಡುವವನೂ ನಕ್ಕ.

ಅಮ್ಮ ನಗಲಿಲ್ಲ. ನಗು ಎದ್ದ ಕ್ಷಣಕ್ಕೆ ಅವಳ ಎಡಗೈ ತಾನಾಗಿ ಪಕ್ಕಕ್ಕೆ ಚಾಚಿಕೊಂಡಿತು. ಮೊಣಕೈ ಬಾಗಿಸಿ, ಅಂಗೈ ಮೇಲೆ ಮಾಡಿ, ಒಬ್ಬ ಗಂಡಸಿನ ಭಾರಕ್ಕೆ ಸಿದ್ಧವಾಗಿ ಕಾಲು ಅಗಲಿಸಿ ನಿಂತಿದ್ದಳು. ಜನ ನಗುತ್ತಲೇ ಇದ್ದರು. ಅವಳು ಆ ಕೈಯನ್ನು ಇಳಿಸಲಿಲ್ಲ.